ಹಾಲ್ಟರ್ ಕಂಡರೆ ನನ್ನ ಕುದುರೆ ದೂರ ಹೋಗುವುದೇಕೆ?

ಪ್ರಶ್ನೆ: ಐದು ತಿಂಗಳ ಹಿಂದೆ ಒಂಬತ್ತು ವರ್ಷದ ಹೆಣ್ಣು ಕುದುರೆಯೊಂದನ್ನು ಕೊಂಡೆ. ತೂಕ ಸುಮಾರು 400 ಕಿಲೋ. ಲಾಯದಲ್ಲಿ ನನ್ನ ಕೈಯಿಂದಲೇ ಕ್ಯಾರೆಟ್ ತಿನ್ನುತ್ತದೆ. ಆದರೆ ಬಯಲಿನಲ್ಲಿ ಹಾಲ್ಟರ್ (ತಲೆಗೆ ಹಾಕಿ ಹಗ್ಗ ಕಟ್ಟುವ ಪಟ್ಟಿ) ಹಿಡಿದು ಹೋದರೆ ಸಾಕು, ಬೆನ್ನು ತಿರುಗಿಸಿ ನಡೆದುಬಿಡುತ್ತದೆ. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಪಕ್ಕೆಯತ್ತ ಕತ್ತು ತಿರುಗಿಸುತ್ತದೆ. ಸವಾರಿಯಲ್ಲಿ ಹೇಳಿದ್ದು ಮಾಡುತ್ತದೆ, ಉತ್ಸಾಹವಿಲ್ಲ. ಇದೇ ಕುದುರೆ ತರಬೇತುದಾರರನ್ನು ಕಂಡರೆ ತಾನೇ ಹತ್ತಿರ ಹೋಗುತ್ತದೆ. ನನ್ನ ಮೇಲೆ ಅದಕ್ಕೆ ಪ್ರೀತಿ ಬರುವ ಹಾಗೆ ಏನು ಮಾಡಲಿ?

ಉತ್ತರ: ನಿಮ್ಮ ಕುದುರೆ ಮೂರು ಕಡೆ ಒಂದೇ ಮಾತು ಹೇಳುತ್ತಿದೆ: ‘ಹಾಲ್ಟರ್ ಹಾಕಿದ ಮೇಲೆ ನಡೆಯುವುದು ನನಗೆ ಹಿತವಾಗಿಲ್ಲ.’ ಇದನ್ನು ನಿಮ್ಮ ಮೇಲಿನ ಸಿಟ್ಟು ಅಂದುಕೊಳ್ಳಬೇಡಿ. ಯಾವುದರ ಹಿಂದೆ ಯಾವುದು ಬರುತ್ತದೆ ಅನ್ನುವುದನ್ನು ಕುದುರೆ ಬಹಳ ಚೆನ್ನಾಗಿ ನೆನಪಿಡುತ್ತದೆ, ಅಷ್ಟೆ. ಅದು ಇನ್ನೂ ಹೇಳುತ್ತಿದೆ ಅನ್ನುವುದೇ ಸಮಾಧಾನದ ಸಂಗತಿ. ಹೇಳಿ ಹೇಳಿ ಸಾಕಾಗಿ ಕಲ್ಲಿನಂತೆ ನಿಂತುಬಿಟ್ಟ ಕುದುರೆಯನ್ನು ಸಾಧು ಎಂದು ಹೊಗಳುವವರಿದ್ದಾರೆ. ಆ ಸ್ಥಿತಿಯಿಂದ ಅದನ್ನು ಮತ್ತೆ ಮಾತಿಗೆ ಎಳೆಯುವುದು ಇದಕ್ಕಿಂತ ಎಷ್ಟೋ ಕಷ್ಟ.

ಮೊದಲು ನೋವಿನ ವಿಚಾರ. ಪಟ್ಟಿ ಬಿಗಿಯುವಾಗ ಪಕ್ಕೆ ನೋಡಿಕೊಳ್ಳುವ ಕುದುರೆಗೆ ನೋವಿಲ್ಲ ಎಂದು ಖಾತ್ರಿಯಾಗುವ ತನಕ ಅದರ ನಡತೆ ತಿದ್ದಲು ಹೋಗಬಾರದು. ಪಶುವೈದ್ಯರನ್ನು ಕರೆಸಿ ಹೊಟ್ಟೆ, ಬೆನ್ನು, ಬಾಯಿ, ಗೊರಸು ಈ ನಾಲ್ಕನ್ನೂ ನೋಡಿಸಿ.

ನಿಮ್ಮ ವಿವರಣೆ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಹೊಟ್ಟೆಯ ಮೇಲೆ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಚಿಕ್ಕದು, 8ರಿಂದ 15 ಲೀಟರ್ ಹಿಡಿಯುವಷ್ಟು. ಆಮ್ಲ ಮಾತ್ರ ಮೇವು ಇರಲಿ ಬಿಡಲಿ 24 ಗಂಟೆಯೂ ಸುರಿಯುತ್ತಿರುತ್ತದೆ. ಅದನ್ನು ತಣಿಸುವುದು ಜೊಲ್ಲು, ಆ ಜೊಲ್ಲು ಬರುವುದು ಜಗಿಯುವಾಗ ಮಾತ್ರ. ದಿನಕ್ಕೆ ಹದಿನಾರು ಗಂಟೆ ಮೇಯುತ್ತಾ ಅಡ್ಡಾಡಲು ಹುಟ್ಟಿದ ಪ್ರಾಣಿಗೆ ಬೆಳಿಗ್ಗೆ ಒಂದು ಕಟ್ಟು, ಸಂಜೆ ಒಂದು ಕಟ್ಟು ಹುಲ್ಲು ಹಾಕಿ ನಡುವೆ ಬರಿದೇ ನಿಲ್ಲಿಸಿದರೆ ಜಠರದ ಮೇಲ್ಭಾಗದಲ್ಲಿ, ರಕ್ಷಣೆಯ ಲೋಳೆಯಿಲ್ಲದ ಕಡೆ, ಹುಣ್ಣಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಟ್ರಾಟ್, ಅಂದರೆ ಕುಲುಕು ಓಟ, ಮಾಡಿಸಿದರೆ ಆಮ್ಲ ಅಲ್ಲಿಗೇ ಎರಚುತ್ತದೆ. ಹುಣ್ಣು ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಲು ಎಂಡೋಸ್ಕೋಪಿಯೇ ಬೇಕು. ಅದು ಆಗುವ ಮೊದಲೇ ನೀವು ಮಾಡಬಹುದಾದದ್ದಿದೆ. ತೂಕದ ಶೇಕಡ 1.5ರಷ್ಟಾದರೂ ಒಣ ಮೇವು ದಿನವೂ ಒಳಗೆ ಹೋಗಬೇಕು. ನಿಮ್ಮ ಕುದುರೆಗೆ ಅದು ಹೆಚ್ಚುಕಡಿಮೆ 7 ಕಿಲೋ ಒಣಹುಲ್ಲು. ಇದು ಕನಿಷ್ಠ, ಇನ್ನೂ ಎರಡು ಕಿಲೋ ಹೆಚ್ಚಾದರೆ ಒಳ್ಳೆಯದೇ. ಮೇವಿಲ್ಲದ ಹೊತ್ತು ನಾಲ್ಕೈದು ಗಂಟೆ ದಾಟದಂತೆ ಅದನ್ನು ಹಂಚಿ ಹಾಕಿ. ಸವಾರಿಗೆ ಇಪ್ಪತ್ತು ನಿಮಿಷ ಮುಂಚೆ ಒಂದು ಪುಟ್ಟ ಬುಟ್ಟಿಯಷ್ಟು ಹುಲ್ಲು ತಿನ್ನಿಸಿ. ಜಠರದಲ್ಲಿ ತೇಲುವ ಆ ಹುಲ್ಲಿನ ಪದರ ಆಮ್ಲ ಎರಚದಂತೆ ತಡೆಯುತ್ತದೆ.

ಬೆನ್ನನ್ನು ನೀವೇ ಮುಟ್ಟಿ ನೋಡಬಹುದು. ಬೆನ್ನೆಲುಬಿನಿಂದ ನಾಲ್ಕು ಬೆರಳು ಪಕ್ಕಕ್ಕೆ, ಹೆಗಲ ಉಬ್ಬಿನಿಂದ (ಕತ್ತು ಬೆನ್ನು ಸೇರುವಲ್ಲಿನ ದಿಬ್ಬ) ಸೊಂಟದವರೆಗೆ, ಬೆರಳ ತುದಿಯಿಂದ ಒಂದೇ ಸಮನೆ ನಿಧಾನವಾಗಿ ಒತ್ತುತ್ತಾ ಹೋಗಿ. ಒಂದು ಜಾಗಕ್ಕೆ ಬಂದಾಗ ಬೆನ್ನು ಕೆಳಕ್ಕೆ ಜಾರಿದರೆ, ಸ್ನಾಯು ಹಲಗೆಯಂತೆ ಬಿಗಿದರೆ, ಬಾಲ ಬೀಸಿದರೆ ಅಲ್ಲಿ ನೋವಿದೆ. ಆಮೇಲೆ ಕೆಳಗಿನ ಬಟ್ಟೆಯಿಲ್ಲದೆ ಜೀನನ್ನೊಂದೇ ಇಟ್ಟು ನೋಡಿ. ಅದರ ಮುಂಭಾಗ ಹೆಗಲ ಮೂಳೆಯ ಹಿಂದಿರಬೇಕು. ನೀವು ಮೇಲೆ ಕೂತಾಗಲೂ ಹೆಗಲ ಉಬ್ಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಹಿಂದಿನಿಂದ ಬಗ್ಗಿ ನೋಡಿದರೆ ಬೆನ್ನೆಲುಬಿನುದ್ದಕ್ಕೂ ಬೆಳಕು ಕಾಣಬೇಕು. ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹುಡುಕಿ, ಅದೇ ಗೆರೆಯಲ್ಲಿ ಮೇಲಕ್ಕೆ ಬನ್ನಿ. ಜೀನು ಆ ಗೆರೆಯನ್ನು ದಾಟಿ ಹಿಂದೆ ಹೋಗಬಾರದು, ಅಲ್ಲಿಂದಾಚೆ ಭಾರ ಹೊರುವ ಆಸರೆಯಿಲ್ಲ. ಐದು ತಿಂಗಳಲ್ಲಿ ಕುದುರೆಯ ಸ್ನಾಯು ತುಂಬಿರಬಹುದು ಇಲ್ಲವೇ ಇಳಿದಿರಬಹುದು, ಆದ್ದರಿಂದ ಕೊಂಡಾಗ ಸರಿಯಿದ್ದ ಜೀನು ಈಗಲೂ ಸರಿಯಿದೆ ಅನ್ನುವ ಭರವಸೆ ಇಲ್ಲ. ಸವಾರಿ ಮುಗಿದಾಗ ಬೆವೆತ ಬೆನ್ನಿನ ನಡುವೆ ಅಂಗೈಯಗಲ ಒಣಗಿದ ಜಾಗ ಕಂಡರೆ ಒತ್ತಡ ಅಲ್ಲೇ ಕೂತಿದೆ ಎಂದು ತಿಳಿಯಿರಿ.

ಬಾಯಿ, ಗೊರಸಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ದವಡೆ ಹಲ್ಲಿನ ಅಂಚು ಸವೆದು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತದೆ, ವರ್ಷಕ್ಕೊಮ್ಮೆ ನೋಡಿಸಬೇಕು. ಮೂಗಿನ ಪಟ್ಟಿಯನ್ನು ಮೂಗಿನ ಮೂಳೆಯ ಮೇಲೆಯೇ ಎರಡು ಬೆರಳು ತೂರುವಷ್ಟು ಸಡಿಲ ಬಿಡಿ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮ ಮಾಡಿಸಿ.

ಮುಖ ಓದುವುದನ್ನೂ ಕಲಿಯಿರಿ. 2014ರಲ್ಲಿ ಪ್ರಕಟವಾದ ಕುದುರೆ ಮುಖದ ನೋವಿನ ಅಳತೆಯಲ್ಲಿ ಆರು ಗುರುತುಗಳಿವೆ: ಹಿಂದಕ್ಕೆ ಸೆಟೆದ ಕಿವಿ, ಅರೆಮುಚ್ಚಿದ ಕಣ್ಣು, ಕಣ್ಣಿನ ಮೇಲೆ ಎದ್ದು ಕಾಣುವ ಬಿಗಿತ, ಉಬ್ಬಿದ ದವಡೆ ಸ್ನಾಯು, ಬಿಗಿದ ಬಾಯಿ ಮತ್ತು ಮುಂಚಾಚಿದ ಗದ್ದ, ಸೆಳೆದ ಮೂಗಿನ ಹೊಳ್ಳೆ. ಸವಾರಿಯ ಹೊತ್ತಿಗೆ ಇನ್ನೊಂದು ಪಟ್ಟಿ ಇದೆ. ಪಶುವೈದ್ಯೆ ಸೂ ಡೈಸನ್ ಮತ್ತು ಸಂಗಡಿಗರು ರೂಪಿಸಿದ ಆ ಪಟ್ಟಿಯ 24 ನಡತೆಗಳಲ್ಲಿ ಎಂಟು ಅಥವಾ ಹೆಚ್ಚು ಕಂಡರೆ ಮೂಳೆ, ಸ್ನಾಯುಗಳಲ್ಲಿ ನೋವಿರುವ ಸಂಭವ ಬಹಳ. ಯಾರಾದರೂ ನಿಮ್ಮ ಸವಾರಿಯ ವಿಡಿಯೋ ತೆಗೆಯಲಿ, ವೈದ್ಯರಿಗೆ ಅದನ್ನು ತೋರಿಸಿ. ಮೇಲೆ ಕೂತವರಿಗೆ ಕುದುರೆಯ ಮುಖವೇ ಕಾಣುವುದಿಲ್ಲವಲ್ಲ.

ನೋವಿಲ್ಲ ಎಂದಾಯಿತು ಅಥವಾ ಇದ್ದ ನೋವು ವಾಸಿಯಾಯಿತು ಅನ್ನೋಣ. ಇನ್ನು ಬಯಲಿಗೆ ಹೋಗೋಣ.

ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿದೆ. ಸುತ್ತ 350 ಡಿಗ್ರಿಯಷ್ಟು ಅದಕ್ಕೆ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ಬಾಲದ ನೇರ ಹಿಂದೆ, ಹಣೆಯ ನೇರ ಮುಂದೆ ಮತ್ತು ಮೂಗಿನ ಕೆಳಗೆ. (ನೀವು ಅಂಗೈಯಲ್ಲಿ ಹಿಡಿದ ಕ್ಯಾರೆಟ್ ಅದಕ್ಕೆ ಕಾಣುವುದಿಲ್ಲ, ತುಟಿಯ ಸುತ್ತಲಿನ ಮೀಸೆಗೂದಲಿನಿಂದ ತಡಕಿ ಹುಡುಕುತ್ತದೆ. ಆ ಕೂದಲನ್ನು ಅಂದಕ್ಕಾಗಿ ಕತ್ತರಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.) ಬರುವವರ ಮೈಯನ್ನು ಓದುವುದರಲ್ಲಂತೂ ಕುದುರೆಗೆ ಸಾಟಿಯಿಲ್ಲ. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಬಿಡಿಸುತ್ತದೆ ಎಂದು ಪ್ರಸಿದ್ಧವಾಗಿತ್ತು. ಅದು ಲೆಕ್ಕ ಮಾಡುತ್ತಿರಲಿಲ್ಲ, ಸರಿಯುತ್ತರದ ಹೊತ್ತಿಗೆ ಪ್ರಶ್ನೆ ಕೇಳಿದವರ ತಲೆ ಅವರಿಗೇ ಗೊತ್ತಿಲ್ಲದೆ ಕೂದಲೆಳೆಯಷ್ಟು ಅಲುಗುವುದನ್ನು ನೋಡಿ ಗೊರಸು ಕುಟ್ಟುವುದನ್ನು ನಿಲ್ಲಿಸುತ್ತಿತ್ತು ಎಂದು ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿಕೊಟ್ಟರು. ಸ್ವೀಡನ್ನಿನಲ್ಲಿ 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಿಮ್ಮ ಸಂದರ್ಭಕ್ಕೆ ಇನ್ನೂ ಹತ್ತಿರದ್ದು. ಜನ ಒಂದೇ ದಾರಿಯಲ್ಲಿ ಕುದುರೆಯನ್ನು ಹಲವು ಸಲ ನಡೆಸಿಕೊಂಡು ಹೋದರು. ಕೊನೆಯ ಸಲ ಮಾತ್ರ ‘ಈಗ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ’ ಎಂದು ಅವರಿಗೆ ಮೊದಲೇ ಹೇಳಿದ್ದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಯದ್ದೂ ಏರಿತು. ‘ಇವತ್ತೂ ಓಡಿಹೋಗುತ್ತದೇನೋ’ ಎಂದು ಉಸಿರು ಬಿಗಿಹಿಡಿದು ನೀವು ಗೇಟು ತೆಗೆದಾಗ ಏನಾಗುತ್ತದೆ ಎಂದು ಇದರಿಂದ ಊಹಿಸಿಕೊಳ್ಳಿ.

ಹದಿನೈದು ದಿನ ಸವಾರಿ ಬಿಡಿ. ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ, ಬರಿದೇ ಹತ್ತಿರ ಹೋಗುವುದನ್ನು ಅಭ್ಯಾಸ ಮಾಡಿ. ಹಾಲ್ಟರನ್ನು ಬೆನ್ನ ಹಿಂದೆ ಬಚ್ಚಿಡಬೇಡಿ, ಕಾಣುವ ಹಾಗೆ ಭುಜಕ್ಕೆ ನೇತುಹಾಕಿಕೊಳ್ಳಿ. ಹಣೆಯ ಕಡೆಗೂ ಬಾಲದ ಕಡೆಗೂ ಹೋಗದೆ ಅದರ ಹೆಗಲಿನತ್ತ ಓರೆಯಾಗಿ ನಡೆಯಿರಿ. ನೋಟ ಅದರ ಮುಂಗಾಲಿನ ಮೇಲಿರಲಿ, ಉಸಿರು ಸಡಿಲವಾಗಿರಲಿ. ಒಂದು ದೂರದಲ್ಲಿ ಅದರ ದವಡೆ ನಿಲ್ಲುತ್ತದೆ, ಒಂದು ಕಿವಿ ನಿಮ್ಮತ್ತ ತಿರುಗುತ್ತದೆ. ಅದೇ ಗಡಿ. ಕಾಲು ಎತ್ತುವ ಮುಂಚೆಯೇ, ಕಿವಿಯ ಹಂತದಲ್ಲೇ, ನೀವು ನಿಂತುಬಿಡಬೇಕು. ಅದು ಮತ್ತೆ ಜಗಿಯಲು ಶುರುಮಾಡಿದ ಕೂಡಲೇ ಅಥವಾ ತಲೆ ತಗ್ಗಿಸಿದ ಕೂಡಲೇ ತಿರುಗಿ ನಾಲ್ಕೈದು ಹೆಜ್ಜೆ ವಾಪಸ್ ಹೋಗಿ. ನಿಮ್ಮ ಆ ಹಿಮ್ಮೆಟ್ಟುವಿಕೆಯೇ ಅದಕ್ಕೆ ಬಹುಮಾನ. ಹತ್ತು ಸಲ ಹೀಗೆ ಮಾಡಿದರೆ ಗಡಿ ಹತ್ತು ಸಲವೂ ಒಂದಿಷ್ಟು ಒಳಗೆ ಸರಿಯುತ್ತದೆ. ಅದು ನಡೆದೇಬಿಟ್ಟರೆ ಅಟ್ಟಬೇಡಿ, ದೂರ ಹಾಗೇ ಉಳಿಸಿಕೊಂಡು ಪಕ್ಕದಲ್ಲಿ ನಡೆಯುತ್ತಿರಿ. ಅದು ನಿಂತಾಗ ನೀವೂ ನಿಂತು ಒಂದು ಹೆಜ್ಜೆ ಹಿಂದಿಡಿ.

ಹತ್ತಿರ ಬಂದ ಮೇಲೆ ಅವಸರದಲ್ಲಿ ಕತ್ತಿಗೆ ಹಗ್ಗ ಎಸೆಯುವುದರಿಂದಲೇ ಹೆಚ್ಚಿನ ಜನರ ಕೆಲಸ ಕೆಡುವುದು. ಮೂಲೆಗೆ ಒತ್ತರಿಸಿ ಹಿಡಿದರೂ ಅಷ್ಟೇ, ಆ ದಿನ ಕುದುರೆ ಸಿಗುತ್ತದೆ, ಮರುದಿನ ಗಡಿ ಇನ್ನೂ ದೂರಕ್ಕೆ ಹೋಗಿರುತ್ತದೆ. ಮೊದಲು ಕೈ ಮುಟ್ಟಬೇಕಾದ ಜಾಗ ಹೆಗಲ ಉಬ್ಬು, ಸವಾರರು ವಿದರ್ಸ್ ಎನ್ನುವ ಕಡೆ, ಜೂಲು ಮುಗಿಯುವಲ್ಲಿ. ಎರಡು ಕುದುರೆ ಎದುರುಬದುರು ನಿಂತು ಹಲ್ಲಿನಿಂದ ಒಂದನ್ನೊಂದು ಕೆರೆದುಕೊಳ್ಳುವುದು ಇಲ್ಲಿಯೇ. ಇಲ್ಲಿ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ, ಬೇರೆ ಕಡೆ ಕೆರೆದರೆ ಹಾಗಾಗುವುದಿಲ್ಲ ಎಂದು ಫ್ರಾನ್ಸಿನಲ್ಲಿ 1993ರಲ್ಲಿ ಅಳೆದು ನೋಡಿದ್ದಾರೆ. ನಾವು ಸಾಮಾನ್ಯವಾಗಿ ಕತ್ತು ತಟ್ಟುತ್ತೇವೆ. ಕುದುರೆಗಳ ನಡುವೆ ತಟ್ಟುವುದೆಂಬುದೇ ಇಲ್ಲ, ಅದಕ್ಕೆ ಅರ್ಥವಾಗುವುದು ಕೆರೆಯುವುದು. ನಾಲ್ಕು ಬೆರಳ ತುದಿ ಊರಿ, ಚರ್ಮ ಜರುಗುವಷ್ಟು ಬಲ ಹಾಕಿ, ನಿಧಾನವಾಗಿ ಸುತ್ತಿಸಿ. ಸರಿಯಾದ ಜಾಗ ಸಿಕ್ಕಿತೆಂದರೆ ಅದರ ಕತ್ತು ಇಳಿಯುತ್ತದೆ, ಕಣ್ಣು ಅರೆಮುಚ್ಚುತ್ತದೆ, ಮೇಲ್ದುಟಿ ಮುಂದಕ್ಕೆ ಚಾಚಿ ಸೊಂಡಿಲ ತುದಿಯಂತೆ ಅತ್ತಿತ್ತ ಆಡುತ್ತದೆ. ಅಷ್ಟರಲ್ಲೇ ಕೈ ತೆಗೆದು ಒಂದು ಗಳಿಗೆ ಕಾಯಿರಿ. ‘ಇನ್ನೂ ಬೇಕು’ ಎಂದು ಅದು ನಿಮ್ಮತ್ತ ವಾಲಿದರೆ ಮುಂದುವರಿಸಿ, ವಾಲದಿದ್ದರೆ ಅವತ್ತಿಗೆ ಸಾಕು. ಕೆಲವು ಕುದುರೆ ಪ್ರತಿಯಾಗಿ ನಿಮ್ಮ ಭುಜವನ್ನೂ ಹಲ್ಲಿನಿಂದ ಕೆರೆಯಲು ಬರುತ್ತದೆ. ಬೈಯಬೇಡಿ, ಅದು ಸ್ನೇಹ. ಮೊಣಕೈ ಅಡ್ಡ ಹಿಡಿದು ಮೆಲ್ಲಗೆ ಮೂತಿ ಆಚೆ ಸರಿಸಿ.

ಹಾಲ್ಟರ್ ಹಾಕುವುದನ್ನು ಶುರುಮಾಡಿದ ಮೇಲೆ ಹತ್ತರಲ್ಲಿ ಆರು ಸಲ ಕೆಲಸಕ್ಕೆ ಕರೆದೊಯ್ಯಬೇಡಿ. ಹಾಕಿ, ಕೆರೆದು, ತೆಗೆದು, ಬಿಟ್ಟುಬಿಡಿ. ಹಾಲ್ಟರ್ ಅಂದರೆ ದುಡಿಮೆ ಅನ್ನುವ ಲೆಕ್ಕ ಹಾಗೆ ಮುರಿಯುತ್ತದೆ. ಬಿಡುವಾಗ ಅದರ ಮುಖವನ್ನು ನಿಮ್ಮ ಕಡೆ ತಿರುಗಿಸಿಕೊಂಡೇ ಬಿಚ್ಚಿ. ಕೆಲವು ಕುದುರೆ ಬಿಟ್ಟ ಖುಷಿಗೆ ಒಮ್ಮೆಲೇ ಹೊರಳಿ ಹಿಂಗಾಲು ಝಾಡಿಸುತ್ತದೆ.

ಜೀನಿನ ಪಟ್ಟಿಯನ್ನು, ಅಂದರೆ ಗರ್ತ್ ಅನ್ನು, ಒಂದೇ ಉಸಿರಿಗೆ ಬಿಗಿಯುವುದು ಅತಿ ಸಾಮಾನ್ಯ ತಪ್ಪು. ಅದು ಕುದುರೆಯ ಮುಂಗಾಲಿನ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಬರಬೇಕು. ಮೊದಲು ಜೀನು ಜಾರದಷ್ಟು ಮಾತ್ರ, ಮೊದಲ ತೂತಿಗೆ ಹಾಕಿ. ಹತ್ತು ಹೆಜ್ಜೆ ನಡೆಸಿ. ಒಂದು ತೂತು ಏರಿಸಿ. ಮತ್ತೆ ನಡೆಸಿ, ಈ ಸಲ ಆಚೆ ಬದಿಯಿಂದ ಒಂದು ತೂತು. ಮುಂಗಾಲುಗಳನ್ನು ಒಂದೊಂದಾಗಿ ಎತ್ತಿ ಮುಂದಕ್ಕೆ ಎಳೆದರೆ ಪಟ್ಟಿಯಡಿ ಸಿಕ್ಕಿಕೊಂಡ ಚರ್ಮದ ಮಡಿಕೆ ಬಿಡುತ್ತದೆ. ಬಿಗಿತವನ್ನು ಪಕ್ಕೆಯ ಹತ್ತಿರ ಪರೀಕ್ಷಿಸಬೇಡಿ, ಮುಂಗಾಲುಗಳ ನಡುವೆ ಎದೆಮೂಳೆಯ ಮೇಲೆ ಎರಡು ಬೆರಳು ತೂರಿಸಿ ನೋಡಿ. ಹತ್ತಿ ಐದು ನಿಮಿಷ ನಡೆಸಿದ ಮೇಲೆ ಕೊನೆಯ ತೂತು. ನಡುವೆ ಎಲ್ಲಾದರೂ ಕಿವಿ ಹಿಂದೆ ಹೋದರೆ ಕೈ ಅಲ್ಲೇ ನಿಲ್ಲಲಿ, ಬಿಚ್ಚುವುದೂ ಬೇಡ, ಬಿಗಿಯುವುದೂ ಬೇಡ. ಕಿವಿ ಸಡಿಲವಾದ ಕ್ಷಣ ಕೈ ತೆಗೆದು ಹೆಗಲುಬ್ಬು ಕೆರೆಯಿರಿ, ಆಮೇಲೆ ಮುಂದಿನ ತೂತು. ನೆಲದಿಂದ ರಿಕಾಬಿಗೆ ಕಾಲಿಟ್ಟು ಹತ್ತಬೇಡಿ, ಜೀನು ಒಂದೇ ಕಡೆಗೆ ಎಳೆದು ಬೆನ್ನು ತಿರುಚುತ್ತದೆ. ಎತ್ತರದ ಮೆಟ್ಟಿಲಿಟ್ಟುಕೊಳ್ಳಿ, ಮೇಲೆ ಕೂರುವಾಗ ಮೂಟೆಯಂತೆ ಬೀಳದೆ ಇಳಿದು ಕೂರಿ. ನೀವು ಮತ್ತು ಜೀನು ಸೇರಿ 80 ಕಿಲೋ, ಅಂದರೆ ಅದರ ತೂಕದ ಐದನೇ ಒಂದು ಭಾಗ, ಮೀರದಿರಲಿ. ಅದಕ್ಕಿಂತ ಕಡಿಮೆಯಿದ್ದಷ್ಟೂ ಲೇಸು.

ತರಬೇತುದಾರರ ಬಳಿಗೆ ಅದೇಕೆ ಹೋಗುತ್ತದೆ? ಅವರು ಹೆಚ್ಚು ಕ್ಯಾರೆಟ್ ಕೊಡುವುದರಿಂದ ಅಲ್ಲ. ಅವರ ಕೈ ಬೇಗ ಸಡಿಲವಾಗುತ್ತದೆ. ಕುದುರೆ ಕಲಿಯುವುದು ಒತ್ತಡ ಬಂದಾಗ ಅಲ್ಲ, ಅದು ಹೋದಾಗ. ಲಗಾಮಿನ ಎಳೆತವೋ ಮೀನಖಂಡದ ಒತ್ತೋ ಅದಕ್ಕೊಂದು ಪ್ರಶ್ನೆ. ಉತ್ತರ ಕೊಟ್ಟ ಮರುಕ್ಷಣವೇ ಒತ್ತು ಮಾಯವಾದರೆ ‘ಓ, ಇದೇ ಸರಿ’ ಎಂದು ತಿಳಿಯುತ್ತದೆ. ಒಂದು ಸೆಕೆಂಡು ದಾಟಿ ಬಿಟ್ಟರೆ ಯಾವುದಕ್ಕೆ ಬಿಟ್ಟರು ಎಂದೇ ಅದಕ್ಕೆ ತಿಳಿಯದು. ಬಿಡದೇ ಇದ್ದರೆ ಉತ್ತರ ಕೊಟ್ಟೂ ಪ್ರಯೋಜನವಿಲ್ಲ ಎಂದು ಮಂಕಾಗುತ್ತದೆ. ನೀವು ‘ಉತ್ಸಾಹವಿಲ್ಲ’ ಎಂದದ್ದರ ಬೇರು ಬಹುಶಃ ಇಲ್ಲಿದೆ.

ಇದನ್ನು ನೆಲದ ಮೇಲೆ ಮೊದಲು ಪಳಗಿಸಿಕೊಳ್ಳಿ. ಹಗ್ಗ ಹಿಡಿದು ನಡೆಯುತ್ತಾ ನೀವು ನಿಲ್ಲಿ. ಅದೂ ನಿಂತರೆ ಹಗ್ಗ ಪೂರ್ತಿ ಸಡಿಲ ಬಿಡಿ. ನಿಲ್ಲದಿದ್ದರೆ ಹಗ್ಗಕ್ಕೆ ಹಿಮ್ಮುಖವಾಗಿ ಕಿರುಬೆರಳಿನಷ್ಟು ಬಲ, ಎರಡು ಸೆಕೆಂಡಿಗೆ ಇನ್ನಷ್ಟು. ಭಾರ ಹಿಂದಕ್ಕೆ ವಾಲಿತು ಅನ್ನಿಸಿದ ಕೂಡಲೇ ಬಿಡಿ, ಹೆಜ್ಜೆ ಇಡುವ ತನಕ ಕಾಯಬೇಡಿ. ವಾರದೊಳಗೆ ಹಗ್ಗ ಬೇಡವಾಗಿ, ನೀವು ಉಸಿರು ಬಿಟ್ಟು ನಿಂತರೆ ಅದೂ ನಿಲ್ಲುತ್ತದೆ. ಮೇಲೆ ಕೂತಾಗಲೂ ಇದೇ ಸರದಿ: ಮೊದಲು ಸೊಂಟ ಮತ್ತು ಉಸಿರು, ಆಮೇಲೆ ಮೆಲ್ಲಗೆ ಮೀನಖಂಡ, ಆಮೇಲಷ್ಟೇ ಗಟ್ಟಿಯಾದ ಒತ್ತು. ಕುದುರೆ ಮುಂದೆ ಹೊರಟಿತೋ, ಕಾಲು ತಣ್ಣಗಿರಲಿ. ಪ್ರತಿ ಹೆಜ್ಜೆಗೂ ಹಿಮ್ಮಡಿ ಕುಟ್ಟುವವರ ಕುದುರೆಗೆ ಆ ಕಾಲು ಗಡಿಯಾರದ ಸದ್ದಿನಂತೆ ಕೇಳಿಯೂ ಕೇಳದಂತಾಗುತ್ತದೆ.

ಕೈ ಇನ್ನೂ ಸೂಕ್ಷ್ಮ. ನಿಮ್ಮ ಮೊಣಕೈಯಿಂದ ಕಡಿವಾಣದವರೆಗೆ ಒಂದೇ ಗೆರೆ ಇರಲಿ. ವಾಕ್ (ನಡಿಗೆ) ಮತ್ತು ಕ್ಯಾಂಟರಿನಲ್ಲಿ (ನೆಗೆಯುವ ಓಟ) ಕುದುರೆಯ ತಲೆ ಹಿಂದೆ ಮುಂದೆ ತೂಗುತ್ತದೆ, ಕೈಯೂ ಅದರ ಜೊತೆ ಹೋಗಬೇಕು. ಟ್ರಾಟ್‌ನಲ್ಲಿ ತಲೆ ಹೆಚ್ಚುಕಡಿಮೆ ಸ್ಥಿರ, ಕೈಯೂ ಸ್ಥಿರ. ಹೊಸಬರಿಗೆ ಆಗುವುದು ಇದರ ತಿರುಗಾಮುರುಗಾ: ವಾಕ್‌ನಲ್ಲಿ ಕೈ ಕಲ್ಲಾಗಿರುತ್ತದೆ, ಟ್ರಾಟ್‌ನಲ್ಲಿ ಮೈಯ ಜೊತೆ ಕುಣಿದು ಪ್ರತಿ ಕುಲುಕಿಗೂ ಬಾಯಿ ಜಗ್ಗುತ್ತದೆ. ಸಮತೋಲಕ್ಕೆ ಲಗಾಮನ್ನೇ ಆಧಾರ ಮಾಡಿಕೊಂಡಿದ್ದೀರಾ ಎಂದು ತಿಳಿಯಲು ಕುದುರೆಯ ಕುತ್ತಿಗೆಗೊಂದು ಚರ್ಮದ ಪಟ್ಟಿ ಕಟ್ಟಿ, ಟ್ರಾಟ್‌ನಲ್ಲಿ ಒಂದು ಬೆರಳು ಅದಕ್ಕೆ ಸಿಕ್ಕಿಸಿಕೊಳ್ಳಿ. ಆ ಪಟ್ಟಿ ಪದೇ ಪದೇ ಬಿಗಿಯುತ್ತಿದ್ದರೆ ಅಷ್ಟೂ ಸಲ ನೀವು ಅದರ ಬಾಯಿ ಎಳೆಯುತ್ತಿದ್ದಿರಿ ಎಂದು ಲೆಕ್ಕ. ತರಬೇತುದಾರರು ಉದ್ದ ಹಗ್ಗದಲ್ಲಿ ವೃತ್ತವಾಗಿ ಓಡಿಸುವಾಗ ನೀವು ಲಗಾಮಿಲ್ಲದೆ ಕೂರುವ ಅಭ್ಯಾಸ, ವಾರಕ್ಕೆ ಎರಡು ಸಲ ಇಪ್ಪತ್ತು ನಿಮಿಷ, ಇದಕ್ಕೆ ಅತ್ಯುತ್ತಮ ಮದ್ದು.

ಕ್ಯಾರೆಟ್ ಕೊಡಬಾರದೆಂದಲ್ಲ. ಜೇಬಿನಿಂದ ಬೇಕಾದಾಗೆಲ್ಲ ಕೊಟ್ಟರೆ ಕುದುರೆ ಜೇಬನ್ನು ಪ್ರೀತಿಸುತ್ತದೆ, ಆಮೇಲೆ ಕಚ್ಚಲು ಕಲಿಯುತ್ತದೆ. ಮೂತಿ ನೇರ ಮುಂದಿಟ್ಟು ಶಾಂತವಾಗಿ ನಿಂತಾಗ ಮಾತ್ರ, ನಿಮ್ಮ ಮೈಯಿಂದ ದೂರ ಕೈ ಚಾಚಿ, ಅಂಗೈ ಚಪ್ಪಟೆ ಹಿಡಿದು ಕೊಡಿ. ಗುಂಡು ಬಿಲ್ಲೆಯಾಗಿ ಕತ್ತರಿಸಿದರೆ ಗಂಟಲಿಗೆ ಸಿಕ್ಕಬಹುದು, ಉದ್ದುದ್ದ ಸೀಳಿ.

ಸವಾರಿ ಮತ್ತೆ ಶುರುವಾದಾಗ ಮೊದಲ ತಿಂಗಳು ಅರ್ಧ ಗಂಟೆ ಸಾಕು, ಅದರಲ್ಲಿ ಮೊದಲ ಹತ್ತು ನಿಮಿಷ ಸಡಿಲ ಲಗಾಮಿನ ನಡಿಗೆ. ಮೈದಾನದಲ್ಲೇ ಸುತ್ತಿಸಬೇಡಿ, ಗೆಳತಿ ಕುದುರೆಯೊಂದರ ಜೊತೆ ಹೊರಗಿನ ದಾರಿಗೆ ಹೋಗಿ. ಕವಲಿನಲ್ಲಿ ಒಮ್ಮೊಮ್ಮೆ ಅದಕ್ಕೇ ಆಯ್ಕೆ ಬಿಡಿ. ಕೇಳಿದರೆ ಕುದುರೆ ಹೇಳುತ್ತದೆ. ನಾರ್ವೆಯಲ್ಲಿ 23 ಕುದುರೆಗಳಿಗೆ ಮೂರು ಚಿಹ್ನೆಯ ಹಲಗೆ ತೋರಿಸಿ, ಮೂತಿ ತಾಗಿಸಿ ‘ಕಂಬಳಿ ಹೊದಿಸು’, ‘ತೆಗೆ’, ‘ಹೀಗೇ ಇರಲಿ’ ಎಂದು ಹೇಳುವುದನ್ನು ಕಲಿಸಿದ್ದರು. ಚಳಿ ಮಳೆಯ ದಿನ ಹೊದಿಸು ಎಂದವು, ಬಿಸಿಲಿನ ದಿನ ತೆಗೆ ಎಂದವು. 2016ರಲ್ಲಿ ಇದು ಪ್ರಕಟವಾಯಿತು. ಸವಾರಿಯ ಸಂತೋಷಕ್ಕೂ ಗುರುತುಗಳಿವೆ: ಕತ್ತು ಮುಂದಕ್ಕೆ ನೀಡಿ ಇಳಿಯುತ್ತದೆ, ಬಾಲ ಹೆಜ್ಜೆಗೆ ತಕ್ಕಂತೆ ತೂಗುತ್ತದೆ, ಒಂದು ಕಿವಿ ದಾರಿಯ ಕಡೆ ಇನ್ನೊಂದು ನಿಮ್ಮ ಕಡೆ ಹೊರಳುತ್ತಿರುತ್ತದೆ, ಮೂಗಿನಿಂದ ಪುರ್ರ್ ಎಂದು ಸಡಿಲವಾದ ಉಸಿರು ಬರುತ್ತದೆ. ಆ ಪುರ್ರ್ ನಿಮ್ಮ ತೊಡೆಯವರೆಗೂ ನಡುಗಿ ಬರುತ್ತದೆ. ಅದು ಕೇಳಿಸಿದಾಗ ಲಗಾಮನ್ನು ಇನ್ನೊಂದು ಗೇಣು ಉದ್ದ ಬಿಡಿ.

ಇದಕ್ಕೆಲ್ಲ ಎರಡು ತಿಂಗಳು ಹಿಡಿಯಬಹುದು, ಆರೂ ಹಿಡಿಯಬಹುದು. ನಡುವೆ ಒಂದು ದಿನ ನೀವು ಗೇಟಿನ ಹತ್ತಿರ ನಿಂತಾಗ ಅದು ಮೇಯುವುದನ್ನು ಬಿಟ್ಟು ನಿಮ್ಮ ಕಡೆಗೆ ಒಂದೆರಡು ಹೆಜ್ಜೆ ಹಾಕುತ್ತದೆ. ಅವತ್ತು ಹಾಲ್ಟರನ್ನು ಬೇಲಿಗೆ ನೇತುಹಾಕಿ ಬರಿಗೈಯಲ್ಲಿ ಒಳಗೆ ಹೋಗಿ. ಹೆಗಲುಬ್ಬು ಕೆರೆದು, ಅದು ಮತ್ತೆ ಮೇಯಲು ತಲೆ ತಗ್ಗಿಸುವ ಮುಂಚೆಯೇ ವಾಪಸ್ ಬನ್ನಿ.